ಬಂಡೆ ಮೇಲಕ್ಕೆ ಹೋದ ರೊಪ್ಪ

"ಕುರಿ ಸಾಕೋನ ಮನೆಗೆ ವೈಫೈ ಯಾಕ್ಲಾ ಅಳಿಯಾ? ಕುರಿಗಳು ಸಿನಿಮಾ ನೋಡ್ತವಾ?"

ಸಂತೆಯಲ್ಲಿ ದಲ್ಲಾಳಿ ಹೀಗೆ ಕೇಳಿದಾಗ ಸುತ್ತ ನಿಂತಿದ್ದೋರೆಲ್ಲ ನಕ್ಕರು. ಅವನು ನಮ್ಮೂರಿನೋನೇ, ವರಸೆಯಲ್ಲಿ ಮಾವ ಆಗಬೇಕು. ನಮ್ಮಪ್ಪನ ಕಾಲದಿಂದ ನಮ್ಮ ಟಗರುಗಳನ್ನ ಮಾರಿಕೊಡ್ತಿದ್ದೋನು. ನಾನೂ ನಕ್ಕೆ. ನಗದೆ ಇದ್ದಿದ್ರೆ ಮಾತು ನನಗೆ ನಾಟಿತು ಅಂತ ಅವನಿಗೆ ಗೊತ್ತಾಗಿಬಿಡ್ತಿತ್ತು.

ನಮ್ಮ ಕಡೆ ಸಂತೆಯಲ್ಲಿ ಟಗರಿನ ಬೆಲೆಯನ್ನ ಬಾಯಲ್ಲಿ ಹೇಳೋದಿಲ್ಲ. ದಲ್ಲಾಳಿಯೂ ಕೊಳ್ಳೋನೂ ಕೈ ಮೇಲೆ ಟವಲ್ ಮುಚ್ಚಿಕೊಂಡು, ಅದರಡಿಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಮಾತಾಡ್ತಾರೆ. ಸಾಕಿದೋನು ಪಕ್ಕದಲ್ಲಿ ನಿಂತು ಟವಲ್ ಅಲ್ಲಾಡೋದನ್ನ ನೋಡಬೇಕು. ಆಮೇಲೆ ದಲ್ಲಾಳಿ ನಮ್ಮ ಕಡೆ ತಿರುಗಿ, ಅದೇ ಟವಲಡಿ ನಮ್ಮ ಬೆರಳು ಹಿಡಿದು, ನಮಗೆ ಬರೋ ಬೆಲೆ ಹೇಳ್ತಾನೆ. ಮೊದಲನೇ ಸಲ ಟವಲ್ ಮುಚ್ಚಿದಾಗ ಏನಾಯ್ತು ಅಂತ ಕೇಳೋ ಪದ್ಧತಿ ಇಲ್ಲ. ನಮ್ಮಪ್ಪ ಕೇಳಲಿಲ್ಲ. ನಾನೂ ಬಹಳ ವರ್ಷ ಕೇಳಲಿಲ್ಲ.

ಆ ಟವಲಿನಿಂದ ಆಚೆ ಬರೋಕೆ ನನಗೆ ಒಂದು ದಾರಿ ಸಿಕ್ಕಿತ್ತು. ಸೇಲಂನಲ್ಲಿ ನಾಲ್ಕು ಬಿರಿಯಾನಿ ಹೋಟೆಲುಗಳಿಗೆ ಮಾಂಸ ಕೊಳ್ಳೋ ಕೆಲಸ ನೋಡೋ ಒಬ್ಬರು ಮೇಡಂ, ಹೊಗೆನಕಲ್ಲಿಗೆ ಮೀನು ತಿನ್ನೋಕೆ ಹೋಗ್ತಾ ರಸ್ತೆಬದಿ ನನ್ನ ಟಗರುಗಳನ್ನ ನೋಡಿ ಕಾರು ನಿಲ್ಲಿಸಿದರು. ಬೆನ್ನು ಮುಟ್ಟಿ ನೋಡಿದರು. ವಾರಕ್ಕೆ ಹತ್ತು ಬೇಕು ಅಂದರು. ಷರತ್ತು ಮೂರು ಹೇಳಿದರು. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೋದಲ್ಲಿ ಹತ್ತು ಟಗರನ್ನೂ ಒಂದೊಂದಾಗಿ ತಕ್ಕಡಿ ಮೇಲೆ ನಿಲ್ಲಿಸಿ ತೂಕ ತೋರಿಸಬೇಕು, ಹಲ್ಲು ಬಿಡಿಸಿ ತೋರಿಸಬೇಕು. ಎರಡನೇದು, ಯಾವಾಗ ಫೋನು ಮಾಡಿದರೂ ಸಿಗಬೇಕು. ಮೂರನೇದು, ಮುಂದಿನ ವಾರದ ಟಗರು ಎಲ್ಲಿಂದ ಬರ್ತದೆ ಅಂತ ಮೊದಲೇ ಹೇಳಬೇಕು. ನಾಲ್ಕು ಮಂಗಳವಾರ ಪರೀಕ್ಷೆ. ಒಂದು ತಪ್ಪಿದರೆ ಕ್ಷಮೆ, ಎರಡು ತಪ್ಪಿದರೆ ಬೇರೆಯವರನ್ನ ನೋಡ್ತೀನಿ ಅಂದರು. ಬೆಲೆಯನ್ನ ಬಾಯಿ ಬಿಟ್ಟು ಹೇಳಿದರು, ಕಿಲೋಗೆ ಇಷ್ಟು ಅಂತ. ಅಲ್ಲೇ ಹುಲ್ಲು ಹಾಕ್ತಿದ್ದ ನನ್ನ ಹೆಂಡತಿ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟಳು. ಮದುವೆಯಾಗಿ ಬಂದಾಗಿನಿಂದ ಅವಳು ನಮ್ಮ ಟಗರಿನ ಬೆಲೆಯನ್ನ ಕಿವಿಯಲ್ಲಿ ಕೇಳಿದ್ದು ಅದೇ ಮೊದಲು.

ನಮ್ಮ ಊರು ಧರ್ಮಪುರಿಯಿಂದ ಹೊಗೆನಕಲ್ ಕಡೆಗೆ ಹೋಗೋ ದಾರಿಯಲ್ಲಿ, ಗುಡ್ಡಗಳ ನಡುವೆ ಬಟ್ಟಲಿನ ತಳದಲ್ಲಿ ಕೂತಂಗೆ ಕೂತಿದೆ. ಟಗರುಗಳನ್ನ ಕೊಬ್ಬಿಸೋ ರೊಪ್ಪ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿ, ಮನೆ ಹಿಂದೆ ಇತ್ತು. ಮಂದೆ ಮಾತ್ರ ನನ್ನ ತಮ್ಮನ ಹಿಂದೆ ಹರೂರು ಕಡೆ ಸುತ್ತುತ್ತಿತ್ತು. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ಕೂಡಿಸಿದರೆ ಹೊಲದೋರಿಗೆ ಗೊಬ್ಬರ, ನಮಗೆ ಮೇವು. ಅಲ್ಲಿಂದ ಒಳ್ಳೆ ಟಗರು ಆರಿಸಿ ಅವನು ವ್ಯಾನಿನಲ್ಲಿ ಕಳಿಸಬೇಕು, ನಾನು ತೂಕ ಹಾಕಿ ಸೇಲಂಗೆ ಕಳಿಸಬೇಕು. ಹಾಗಾಗಿ ನನಗೆ ಬೇಕಾದ್ದು ಮೂರು ಲೈನು: ಮನೆಗೊಂದು, ಯಾಪಾರಕ್ಕೊಂದು, ದಾರಿ ಮೇಲಿರೋ ತಮ್ಮನಿಗೊಂದು.

ಅಷ್ಟರಲ್ಲೇ ಕನೆಕ್ಷನ್ ಮಾರೋನೊಬ್ಬ ಬ್ಯಾಗು ತಗಲಾಕ್ಕೊಂಡು ಬಂದ. "ಅಣ್ಣೇ, ವೀಡು, ಬಿಸಿನೆಸ್, ಟ್ರಾವೆಲ್, ಮೂಣುಕ್ಕುಂ ಒರೇ ಪ್ಯಾಕ್" ಅಂದ. ಮೂರಕ್ಕೂ ಒಂದೇ. ಮನೆಗೆ ಗಾಜಿನ ಎಳೆ ಕೇಬಲ್ಲು, ಜೊತೆಗೆ ಎರಡು ಸಿಮ್ಮು, ಒಂದು ನನಗೆ, ಒಂದು ತಮ್ಮನಿಗೆ. ಸ್ಪೀಡು ಎಷ್ಟು, ಯಾವ ಪ್ಲ್ಯಾನು ಅಂತ ಏನೇನೋ ಅಂದ. ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ತಮಿಳು ಅಕ್ಷರ ಸ್ಕೂಲಿನದು, ಕನ್ನಡ ಅಕ್ಷರ ಬಸ್ಸಿನ ಬೋರ್ಡು ನೋಡಿ ಕಲಿತದ್ದು. ಅವನ ಮುಂದೆ ಗೊತ್ತಿಲ್ಲ ಅಂತ ಹೇಳೋಕೆ ಮನಸ್ಸು ಬರಲಿಲ್ಲ. "ಗೊತ್ತು, ಗೊತ್ತು" ಅಂತ ತಲೆ ಆಡಿಸಿ ಸೈನ್ ಮಾಡಿದೆ. ಒಂದು ಕುರಿಮರಿ ಕೊಳ್ಳೋಕೂ ಹಲ್ಲು ಬಿಡಿಸಿ, ಬೆನ್ನು ಹಿಸುಕಿ, ಕಣ್ಣಿನ ರೆಪ್ಪೆ ಮಗುಚಿ ನೋಡೋನು ನಾನು. ಇಂಟರ್‌ನೆಟ್ಟನ್ನ ಮಾತ್ರ ಹಲ್ಲು ನೋಡದೆ ಕೊಂಡೆ.

ಎರಡು ದಿನದಲ್ಲಿ ಕೇಬಲ್ ಎಳೆದರು. ಮೇನ್ ರೋಡಿನಿಂದ ನಮ್ಮ ಮನೆತನಕ ಹುಣಸೆಮರಗಳ ಸಾಲು. ಕೊಂಬೆಯಿಂದ ಕೊಂಬೆಗೆ ಕಟ್ಟಿಕೊಂಡು ಬಂದು ಗೋಡೆಗೆ ವೈಫೈ ಡಬ್ಬ ಹೊಡೆದರು. ಮೊದಲ ಮಂಗಳವಾರ ವಿಡಿಯೋ ನೀರಿನಂಗೆ ಹರಿಯಿತು. ಮೇಡಂ ಎಂಟು ಟಗರು ಒಪ್ಪಿದರು, ಎರಡು ಬೇಡ ಅಂದರು. ಸರಿಯಾಗೇ ಬೇಡ ಅಂದಿದ್ದರು, ಆ ಎರಡಕ್ಕೆ ಇನ್ನೂ ಹಾಲು ಹಲ್ಲು.

ಮುಂದಿನ ವಾರಕ್ಕೆ ಟಗರು ಬೇಕು ಅಂತ ತಮ್ಮನಿಗೆ ಫೋನು ಹಾಕಿದರೆ ತೊಡರ್ಪು ಎಲ್ಲೈಕ್ಕು ಅಪ್ಪಾಲ್ ಅಂತ ಅದೇ ಹೆಂಗಸಿನ ದನಿ, ವ್ಯಾಪ್ತಿಯಿಂದ ಹೊರಗೆ ಅಂತ. ಮೂರು ದಿನ ಅದೇ ದನಿ. ನಾಲ್ಕನೇ ದಿನ ಮೊಪೆಡ್ ತಗೊಂಡು ಹೊರಟೆ. ಹರೂರಿನಲ್ಲಿ ಟೀ ಅಂಗಡಿಯೋನು ಮಂದೆ ಗುಡ್ಡದ ಕಡೆ ತಿರುಗಿತು ಅಂದ. ಅಲ್ಲಿಂದ ಮುಂದಕ್ಕೆ ನನ್ನ ದಾರಿ ತೋರಿಸಿದ್ದು ಯಾವ ಟವರೂ ಅಲ್ಲ, ಕುರಿ ಹಿಕ್ಕೆ. ಒಣಗಿದ್ದು, ಅರೆ ಒಣಗಿದ್ದು, ಹಸೀದು. ಹಸೀದು ಸಿಕ್ಕಿದ ಕಡೆ ತಮ್ಮ ಬೇವಿನ ಮರದಡಿ ಕೂತಿದ್ದ. ಫೋನು ಕೊಂಬೆಗೆ ನೇತುಹಾಕಿದ್ದ.

"ಅದೇನು ಫೋನಾ, ದೃಷ್ಟಿಬೊಂಬೆನಾ?" ಅಂದೆ.

"ನೀನು ಕೊಟ್ಟ ಸಿಮ್ಮಿಗೆ ಇಲ್ಲಿ ಟವರಿಲ್ಲ ಅಣ್ಣ. ಎತ್ತರದಲ್ಲಿ ಕಟ್ಟಿದ್ರೆ ಬತ್ತದಾ ಅಂತ ಕಟ್ದೆ. ಕಾಗೆ ಬಂತು, ಅದು ಬರ್ಲಿಲ್ಲ."

ಟಗರು ಆರಿಸಿ ವ್ಯಾನಿಗೆ ಹಾಕಿಸಿ, ಸೋಮವಾರ ಊರಿಗೆ ಬಂದೆ. ಅವತ್ತು ಮನೆಯಲ್ಲಿ ಹುಣಸೆಹಣ್ಣು ಉದುರಿಸೋ ದಿನ. ಮನೆ ಮುಂದಿನ ಮೂರು ಮರ ನಾವೇ ಹರಾಜಿನಲ್ಲಿ ಹಿಡಿದಿದ್ದು. ಬಂದ ದಣಿವಿನಲ್ಲೂ ಉದ್ದನೆ ಬಿದಿರಿನ ಗಳ ತಗೊಂಡು ನಾನೇ ಬಡಿದೆ. ಹೆಂಗಸರು ಕೆಳಗೆ ಆಯ್ದುಕೊಂಡರು.

ಮಂಗಳವಾರ ಒಂಬತ್ತಕ್ಕೆ ನೋಡಿದರೆ ಡಬ್ಬದ ಮೇಲೆ ಕೆಂಪು ದೀಪ. ಆರಿಸಿ ಹಾಕಿದೆ, ಮತ್ತೆ ಕೆಂಪು. ಕಂಪನಿಗೆ ಫೋನು ಮಾಡಿದೆ. ಕನ್ನಡ ಬೇಕಾದರೆ ಇಂತಾ ನಂಬರು ಒತ್ತಿ ಅಂದಿತು, ಒತ್ತಿದೆ. ಆ ಕಡೆಯ ಹುಡುಗಿ ಊರು ಕೇಳಿ, "ಸಾರ್, ನಿಮ್ಮದು ತಮಿಳುನಾಡು, ನೀವು ಕನ್ನಡಕ್ಕೆ ಬಂದಿದ್ದೀರಲ್ಲ" ಅಂದಳು.

"ಮನೆ ತಮಿಳುನಾಡಲ್ಲೈತೆ ತಾಯಿ, ಬಾಯಿ ಕನ್ನಡದ್ದು. ಎರಡಕ್ಕೂ ಸೇರಿಸಿ ಲೈನ್ ಕೊಡಿ" ಅಂದೆ.

ಪಾಪ, ದೂರು ಬರೆದುಕೊಂಡಳು. ಇಪ್ಪತ್ತನಾಲ್ಕು ಗಂಟೆ ಅಂದಳು. ಹತ್ತು ಗಂಟೆ ಆಗಿಹೋಯ್ತು. ಸಿಮ್ಮಿನ ನೆಟ್ಟಿನಲ್ಲಿ ವಿಡಿಯೋ ಹಾಕಿದೆ. ಮೇಡಂಗೆ ಟಗರಿನ ಕೊಂಬು ಕಾಣಿಸಿ ಅಲ್ಲೇ ನಿಂತುಬಿಟ್ಟಿತು. "ಒಂದು ತಪ್ಪಿತು" ಅಂದು ಇಟ್ಟರು. ನಾನು ಊರೆಲ್ಲ ಕೇಳೋ ಹಾಗೆ ಕಂಪನಿಯನ್ನ ಬೈದೆ. ಮೋಸಗಾರರು ಅಂದೆ, ಡಬ್ಬ ಕಿತ್ತು ಬಾವಿಗೆ ಹಾಕ್ತೀನಿ ಅಂದೆ. ದಲ್ಲಾಳಿ ಮಾವನ ಕಿವಿಗೂ ಅದು ಬಿತ್ತು.

ಬುಧವಾರ ಲೈನ್‌ಮ್ಯಾನ್ ಏಣಿ ಹೊತ್ತುಕೊಂಡು ಬಂದ. ಮಿಷನ್ ಹಚ್ಚಿ ನೋಡಿ, ನೇರವಾಗಿ ನಮ್ಮ ಮೂರನೇ ಹುಣಸೆಮರದಡಿ ನಿಂತ. ಏಣಿ ಹತ್ತಿ ಕೇಬಲ್ಲಿನ ತುಂಡು ಕೆಳಗಿಳಿಸಿ ನನ್ನ ಕೈಗಿಟ್ಟ. ಮುರಿದ ಕಡೆ ಹುಣಸೆ ನಾರು ಅಂಟಿಕೊಂಡಿತ್ತು.

"ಯಾರಣ್ಣಾ ಹುಳಿ ಉದುರಿಸಿದ್ದು?" ಅಂತ ತಮಿಳಿನಲ್ಲೇ ಮೆಲ್ಲಗೆ ಕೇಳಿದ.

ಗಳ ಗೋಡೆಗೆ ಒರಗಿಸಿಟ್ಟಿತ್ತು. ನನ್ನ ಹೆಂಡತಿ ಗಳವನ್ನ ನೋಡಿದಳು, ನನ್ನ ನೋಡಿದಳು, ಒಳಗೆ ಹೋದಳು. ಎರಡು ದಿನ ನಾನು ಬೈದದ್ದು ನನ್ನನ್ನೇ ಅಂತ ಆಗ ಗೊತ್ತಾಯ್ತು. "ನಾನೇ" ಅಂದೆ. ಅಷ್ಟು ಹೇಳೋಕೆ ಐದನೇ ಕ್ಲಾಸಿನಲ್ಲಿ ಮೇಷ್ಟ್ರ ಹೊಡೆತ ತಿಂದಷ್ಟೇ ಕಷ್ಟ ಆಯ್ತು.

ಲೈನ್‌ಮ್ಯಾನ್ ನಗಲಿಲ್ಲ. ಕೂದಲಿನಂಥ ಗಾಜಿನ ಎಳೆ ಎರಡನ್ನ ಮಿಷನ್ನಿನಲ್ಲಿಟ್ಟು ಬೆಸೆದ. ನೋಡಣ್ಣ, ಇನ್ನೂ ಒಂದು ತಿಂಗಳು ಊರಿನೋರೆಲ್ಲ ಹುಳಿ ಬಡೀತಾರೆ, ಮರದ ಮೇಲಿದ್ದರೆ ಮತ್ತೆ ಮತ್ತೆ ಹೋಗ್ತದೆ ಅಂದ. ಕಂಬ ನೆಟ್ಟರೆ ಸರಿ, ಆದರೆ ಒಂದು ಮನೆಗೆ ಕಂಪನಿ ಕಂಬ ಹಾಕೋದಿಲ್ಲ. ನೀನೇ ಕಲ್ಲುಕಂಬ ನೆಟ್ಟರೆ ಎಳೆದುಕೊಡ್ತೀನಿ ಅಂದ. ಕಲ್ಲುಕಂಬಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ಮರಗಳನ್ನ ಬಿಟ್ಟು ರೋಡಿಗೆ ಹೋಗೋಕೆ ಇರೋದು ಒಂದೇ ದಾರಿ, ದಲ್ಲಾಳಿ ಮಾವನ ಹೊಲ.

ಹೋಗಿ ಕೇಳಿದೆ. ಅವನು ಎಲೆ ಅಡಿಕೆ ಹಾಕ್ಕೊಂಡು ನಿಧಾನಕ್ಕೆ ಹೇಳಿದ. "ನೆಡು ಅಳಿಯಾ, ಎಷ್ಟು ಕಂಬ ಬೇಕಾದ್ರೂ ನೆಡು. ಟಗರು ಮಾತ್ರ ಮೊದ್ಲಿನಂಗೆ ನನ್ನ ಟವಲಡಿ ಬರ್ಲಿ."

"ಹಂಗಾದ್ರೆ ನಿನ್ನ ಹೊಲದ ಗಾಳಿನೂ ನಂಗೆ ಬ್ಯಾಡ ಮಾವ" ಅಂತ ಎದ್ದು ಬಂದೆ.

ಬಂದೇನೋ ಬಂದೆ. ಮನೆ ಜಗುಲಿಯಲ್ಲಿ ಕೂತು ಮಾವನನ್ನೂ ಅವನ ಹೊಲವನ್ನೂ ಬೈಕೊಂಡೆ. ಮಂಗಳವಾರಕ್ಕೆ ಐದು ದಿನ. ಹೆಂಡತಿ ರಾಗಿ ಕೇರ್ತಾ ಇದ್ದಳು. ಕೇರೋದು ನಿಲ್ಲಿಸದೆ ಕೇಳಿದಳು: "ಒಂದು ಕಡೆ ಮೇವು ಇಲ್ಲ ಅಂದ್ರೆ ಏನ್ ಮಾಡ್ತೀಯಾ? ಹುಲ್ಲನ್ನ ಬೈಕೊಂಡು ಕೂತ್ಕೋತೀಯಾ?"

ನಮ್ಮ ಹಿರೀಕರು ಸಾವಿರ ಸಲ ಮಾಡಿದ ಕೆಲಸ ಅದು. ಹುಲ್ಲು ಕುರಿ ಹತ್ತಿರ ಬರೋದಿಲ್ಲ, ಕುರಿ ಹುಲ್ಲಿನ ಹತ್ತಿರ ಹೋಗಬೇಕು. ಸಿಗ್ನಲ್ಲೂ ಅಷ್ಟೇ ತಾನೆ? ನಾನು ಅದನ್ನ ನನ್ನ ಮನೆ ಬಾಗಿಲಿಗೆ ಕರೆಸೋಕೆ ಹೊರಟಿದ್ದೆ.

ಆವತ್ತೇ ಧರ್ಮಪುರಿಗೆ ಹೋಗಿ ಬೇರೆ ಎರಡು ಕಂಪನಿಯ ಸಿಮ್ಮು ತಂದೆ. ನನ್ನ ಫೋನು, ಹೆಂಡತಿಯ ಫೋನು, ಷಡ್ಡಕನಿಂದ ಬೇಡಿ ತಂದ ಫೋನು, ಒಂದೊಂದಕ್ಕೆ ಒಂದೊಂದು ಕಂಪನಿ. ಕುರಿಗೆ ಗುರುತು ಹಾಕೋ ಬಣ್ಣದಲ್ಲೇ ಬೆನ್ನಿಗೆ ಒಂದು ಚುಕ್ಕೆ, ಎರಡು ಚುಕ್ಕೆ, ಮೂರು ಚುಕ್ಕೆ ಇಟ್ಟೆ. ಮೂರನ್ನೂ ಮೊರದಲ್ಲಿಟ್ಟುಕೊಂಡು ಊರ ಸುತ್ತ ನಡೆದೆ. ಮೊದಲು ಫೋನಿನ ಮೇಲಿನ ಸಿಗ್ನಲ್ ಕಡ್ಡಿ ನೋಡ್ತಿದ್ದೆ. ಕಡ್ಡಿ ಸುಳ್ಳು ಹೇಳ್ತದೆ ಅಂತ ಅರ್ಧ ದಿನದಲ್ಲೇ ಗೊತ್ತಾಯ್ತು. ಶಿವನ ಗುಡಿ ಹತ್ತಿರ ಒಂದು ಚುಕ್ಕೆ ಫೋನಿಗೆ ನಾಲ್ಕು ಕಡ್ಡಿ, ಆದರೆ ವಿಡಿಯೋ ಅಲ್ಲಾಡೋದಿಲ್ಲ. ಊರಿನೋರೆಲ್ಲ ಅದೇ ಟವರಿಗೆ ನೇತಾಡ್ತಿದ್ದರು, ಒಂದೇ ತೊಟ್ಟಿಯಲ್ಲಿ ಐನೂರು ಕುರಿ ಬಾಯಿಟ್ಟಂಗೆ. ಆಮೇಲೆ ಬೇರೆ ಲೆಕ್ಕ ಹಿಡಿದೆ. ಟಗರಿನ ಒಂದು ನಿಮಿಷದ ವಿಡಿಯೋ ತಂಗಿ ಮನೆಗೆ ಕಳಿಸೋದು, ಅದು ಹೋಗಿ ಸೇರೋತನಕ ಬಾಯಲ್ಲಿ ಎಣಿಸೋದು. ಬೆಳಿಗ್ಗೆ ಒಂದು ಸಲ, ನಡು ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ, ಅದೇ ಜಾಗದಲ್ಲಿ. ಗೆದ್ದ ಫೋನಿನ ಚುಕ್ಕೆಯನ್ನ ಅಲ್ಲೇ ಕಲ್ಲಿನ ಮೇಲೆ ಇಡ್ತಿದ್ದೆ. ಮೊರ ಹಿಡಿದು ನನ್ನಷ್ಟಕ್ಕೆ ಎಣಿಸಿಕೊಂಡು ಅಲೀತಿದ್ದ ನನ್ನ ನೋಡಿ, ಇವನಿಗೆ ಗಾಳಿ ಹಿಡಿದೈತೆ ಅಂತ ಊರಿನೋರು ಮಾತಾಡಿಕೊಂಡರಂತೆ. ಗಾಳಿಯನ್ನೇ ಹಿಡೀತಿದ್ದೆ, ಅವರು ತಿರುಗಿಸಿ ಹೇಳಿದರು ಅಷ್ಟೆ.

ಊರ ಮೇಲಿನ ಬೋಳು ಬಂಡೆ ಹತ್ತಿದಾಗ ಮೂರು ಚುಕ್ಕೆ ಫೋನು ಗೆದ್ದಿತು. ಇಪ್ಪತ್ತು ಎಣಿಸೋಷ್ಟರಲ್ಲಿ ವಿಡಿಯೋ ಹೋಯ್ತು. ಸಂಜೆಯೂ ಇಪ್ಪತ್ತೈದು. ಅಲ್ಲಿ ನಿಂತರೆ ಆಚೆ ಗುಡ್ಡದ ಟವರು ಕಣ್ಣಿಗೇ ಕಾಣ್ತದೆ, ನಡುವೆ ಏನೂ ಅಡ್ಡ ಇಲ್ಲ. ಊರೊಳಗೆ ಆ ಕಂಪನಿಗೆ ಒಂದು ಕಡ್ಡಿಯೂ ಇಲ್ಲ, ಹಾಗಾಗಿ ಯಾರೂ ಅದನ್ನ ಕೊಂಡಿರಲಿಲ್ಲ. ಟವರೆಲ್ಲ ನನಗೊಬ್ಬನಿಗೇ ಇದ್ದಂಗೆ.

ರೊಪ್ಪವನ್ನ ಬಂಡೆಗೆ ಸಾಗಿಸಿದೆ. ಎರಡು ದಿನ ಹಿಡೀತು. ಮುಳ್ಳು ಕಡಿದು ಬೇಲಿ ಹಾಕಿ, ತಕ್ಕಡಿ ಹೊತ್ತು, ನೀರಿನ ಡ್ರಮ್ಮು ಉರುಳಿಸಿಕೊಂಡು ಹೋಗಿ, ತೆಂಗಿನ ಗರಿ ಹೊದಿಸಿ ನೆರಳು ಮಾಡಿದೆವು. ಸಿಮ್ಮು ಹಾಕೋ ವೈಫೈ ಡಬ್ಬ ಕೊಳ್ಳೋಕೆ ಹೋದಾಗ ಅಂಗಡಿಯೋನು ಒಂದು ವರ್ಷದ ಪ್ಲ್ಯಾನು ಹಾಕ್ಸಿ ಅಂದ. ಈ ಸಲ ನಾನು ಗೊತ್ತು ಗೊತ್ತು ಅನ್ನಲಿಲ್ಲ. ನನಗೆ ಗೊತ್ತಿಲ್ಲ, ಬಿಡಿಸಿ ಹೇಳು ಅಂದೆ. ಒಂದು ತಿಂಗಳದ್ದು ಮಾತ್ರ ಸಾಕು, ಡಬ್ಬಾನ ನನ್ನ ಬಂಡೆ ಮೇಲಿಟ್ಟು ನೋಡ್ತೀನಿ, ಓಡದಿದ್ರೆ ವಾಪಸ್ಸು ಅಂತ ಬಿಲ್ಲಿನ ಹಿಂದೆ ಬರೆಸಿಕೊಂಡೆ. ಬಂಡೆ ಮೇಲೆ ಕರೆಂಟಿಲ್ಲ. ಡಬ್ಬದ ಹಿಂದೆ ಹನ್ನೆರಡು ವೋಲ್ಟು ಅಂತ ಬರೆದಿತ್ತು. ನಮ್ಮ ಔಷಧಿ ಹೊಡೆಯೋ ಸ್ಪ್ರೇಯರಿನ ಬ್ಯಾಟರಿಯೂ ಹನ್ನೆರಡೇ. ಎಲೆಕ್ಟ್ರಿಷಿಯನ್ ಹತ್ತಿರ ವೈರು ಜೋಡಿಸಿಕೊಂಡೆ.

ಮೂರನೇ ಮಂಗಳವಾರ ಹತ್ತು ಟಗರನ್ನೂ ಮೇಡಂ ನೋಡಿದರು. ಹಿಂದೆ ಆಕಾಶ ಕಾಣ್ತದಲ್ಲ, ಎಲ್ಲಿದ್ದೀರಿ ಅಂದರು. ಆಫೀಸಿನಲ್ಲಿ ಅಂದೆ. ಒಂಬತ್ತು ಒಪ್ಪಿದರು.

ತಮ್ಮನ ಕೆಲಸ ಬಾಕಿ ಇತ್ತು. ಬುಧವಾರ ಮೂರು ಫೋನು ಹಿಡಿದು ಹರೂರಿನಿಂದ, ಮಂದೆ ಸಾಗೋ ದಾರಿಯಲ್ಲೇ ಹೋಗೋ ಸೇಲಂ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಯಾವ ಊರಲ್ಲಿ ಯಾವ ಚುಕ್ಕೆ ಮಾತಾಡ್ತದೆ ಅಂತ ಟಿಕೆಟ್ಟಿನ ಹಿಂದೆ ಗುರುತು ಹಾಕಿದೆ. ಮೂರು ಫೋನಿಗೆ ಮೂರು ಟಿಕೆಟ್ಟಾ ಅಂತ ಕಂಡಕ್ಟರು ಕಿಚಾಯಿಸಿದ. ಫಲ ಏನು ಅಂದರೆ, ಪೂರ್ತಿ ದಾರಿಗೆ ಯಾವ ಕಂಪನಿಯೂ ಸಾಲದು. ಬಯಲಿಗೆ ಎರಡು ಚುಕ್ಕೆ, ಗುಡ್ಡದಂಚಿಗೆ ಮೂರು ಚುಕ್ಕೆ, ನಡುವೆ ಒಂದು ಪಟ್ಟಿಗೆ ಯಾವುದೂ ಇಲ್ಲ. ತಮ್ಮನ ದೊಡ್ಡ ಫೋನು ವಾಪಸ್ ತಗೊಂಡು ಎರಡು ಸಿಮ್ಮಿನ ಬಟನ್ ಫೋನು ಕೊಟ್ಟೆ, ಚಾರ್ಜು ನಾಲ್ಕು ದಿನ ನಿಲ್ತದೆ. ಮಂದೆ ನೀರು ಕುಡಿದು ಮಲಗೋ ಹೊತ್ತಿಗೆ, ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಗುರುತು ಹಾಕಿದ ಜಾಗಕ್ಕೆ ನಡೆದು ಬಂದು ಫೋನು ಮಾಡಬೇಕು. ಕೊಂಬೆಗೆ ಕಟ್ಟಬಾರದು. ಅವನು ಒಪ್ಪಿದ. ಒಪ್ಪಿದಂಗೆ ಮಾಡಿದ.

ನಾಲ್ಕನೇ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಊರಿಗೆಲ್ಲ ಕರೆಂಟು ತೆಗೆದರು, ರಿಪೇರಿ ಅಂತ, ಸಂಜೆತನಕ. ಮನೆಯ ಕೇಬಲ್ ಡಬ್ಬ ಸತ್ತಿತು. ಸ್ವಲ್ಪ ಹೊತ್ತಿಗೆ ಊರಿನ ಟವರೂ ಸತ್ತಿತು. ಬಂಡೆ ಮೇಲೆ ಸ್ಪ್ರೇಯರ್ ಬ್ಯಾಟರಿ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಹೆಂಡತಿ ಫೋನು ಹಿಡಿದಳು, ನಾನು ಟಗರು ಹಿಡಿದೆ. ಹತ್ತಕ್ಕೆ ಹತ್ತೂ ಒಪ್ಪಿದರು. ಕೊನೆಯ ಟಗರು ತಕ್ಕಡಿಯಿಂದ ಇಳಿಯೋದನ್ನ ನೋಡಿ ಮೇಡಂ, "ಪ್ರತಿ ವಾರ ಕಳಿಸಿ, ಇನ್ನು ಪರೀಕ್ಷೆ ಇಲ್ಲ" ಅಂದರು. ಹೆಂಡತಿ ಬೆಲೆಯನ್ನ ಇನ್ನೊಂದು ಸಲ ಕೇಳಿ ಹೇಳಿಸಿಕೊಂಡಳು. ಬೇಕಾಗಿರಲಿಲ್ಲ. ಕೇಳೋಕೆ ಚೆನ್ನಾಗಿತ್ತು.

ಫೋನಿಟ್ಟ ಮೇಲೆ ಕೆಳಗೆ ನೋಡಿದರೆ ದಲ್ಲಾಳಿ ಮಾವ. ರೋಡಿನಲ್ಲಿ ಫೋನು ಎತ್ತಿ ಹಿಡಿದು ಅತ್ತ ಇತ್ತ ಓಡಾಡ್ತಿದ್ದ. ಅವನ ವ್ಯಾನು ಎಲ್ಲೋ ಕೆಟ್ಟು ನಿಂತಿತ್ತಂತೆ, ಬಿಸಿಲಲ್ಲಿ ಟಗರು ತುಂಬಿಕೊಂಡು. ಡ್ರೈವರ್ ಸಿಗ್ತಿಲ್ಲ. ಆ ಟಗರುಗಳಲ್ಲಿ ಅರ್ಧ ನಮ್ಮ ಪಕ್ಕದ ಮನೆಯೋರವು. ಮಾವ ಬಹಳ ಹೊತ್ತು ಮೇಲೆ ನೋಡಲಿಲ್ಲ. ಆಮೇಲೆ ನೋಡಿದ.

"ಬಾ ಮಾವ, ಇಲ್ಲಿ ಸಿಗ್ತದೆ" ಅಂದೆ.

ಅವನು ಹತ್ತಿ ಬಂದ. ಬಂಡೆಯ ಕೊನೆ ಭಾಗ ನುಣುಪು, ಹಿಡಿಯೋಕೆ ಏನೂ ಇಲ್ಲ. ನಾನು ಬಗ್ಗಿ ಕೈ ಕೊಟ್ಟು ಎಳೆದುಕೊಂಡೆ. ನನ್ನ ಫೋನಿನಲ್ಲಿ ಡ್ರೈವರಿಗೆ ಮಾತಾಡಿದ, ಇನ್ನೊಂದು ವ್ಯಾನು ಕಳಿಸಿದ. ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದ. ರೊಪ್ಪ ನೋಡಿದ, ಡಬ್ಬ ನೋಡಿದ, ಸ್ಪ್ರೇಯರ್ ನೋಡಿದ. 

ಹೊರಡೋಕೆ ಎದ್ದೋನು ಹೆಗಲ ಮೇಲಿನ ಟವಲ್ ತೆಗೆದು, ಅಭ್ಯಾಸಬಲ, ನನ್ನ ಕೈ ಮೇಲೆ ಹಾಕಿದ. ಅದರಡಿ ನನ್ನ ಬೆರಳು ಹುಡುಕಿ ಒಂದು ಸಲ ಒತ್ತಿದ. ಆ ಒತ್ತಿನ ಅರ್ಥ ನನಗೆ ಹುಟ್ಟಿದಾಗಿನಿಂದ ಗೊತ್ತು. ಎಷ್ಟಕ್ಕೆ ಕೊಟ್ಟೆ?

ನಾನು ಟವಲಡಿಯಿಂದ ಕೈ ಹೊರಗೆ ತೆಗೆದೆ. ಆಮೇಲೆ ಬೆಲೆಯನ್ನ, ಕೆಳಗೆ ರೋಡಿನಲ್ಲಿ ಹುಣಸೆ ಆಯ್ತಿದ್ದೋರಿಗೂ ಕೇಳೋ ಹಾಗೆ, ಕೂಗಿ ಹೇಳಿದೆ.